ನಾಲ್ಕನೆಯ ಮೊಳೆ

ಕೆ.ಆರ್.ಪೇಟೆಯ ಆ ಗೋಡೆಯನ್ನು ಮೊದಲ ಸಲ ನೋಡಿದ ದಿನ, ಆ ಮನೆಯವರು ಕೊಟ್ಟ ಕಾಫಿ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಕಾಫಿ ಚೆನ್ನಾಗಿಯೇ ಇತ್ತು. ಗೋಡೆ ಅದಕ್ಕಿಂತ ಚೆನ್ನಾಗಿತ್ತು, ತೊಂದರೆ ಅದೇ.

ನಡುಮನೆಯ ಒಂದು ಗೋಡೆಗೆ ಪೂರ್ತಿ ತೇಗದ ಹಲಗೆ ಹೊಡೆಸಿದ್ದರು. ಅದರ ಮೇಲೆ ಹಳೇ ಕಾಲದ ಸ್ಪ್ಯಾನರುಗಳು, ಪೈಪ್ ರೆಂಚು, ಇಕ್ಕಳ, ಕೈ ಡ್ರಿಲ್ಲು, ಬೇರಿಂಗ್ ಎಳೆಯುವ ಪುಲ್ಲರು, ಎಲ್ಲ ಸಾಲಾಗಿ ತೂಗುತ್ತಿದ್ದವು. ಮೇಲಿನಿಂದ ಸಣ್ಣ ಸಣ್ಣ ದೀಪ. ಒಂದೊಂದರ ಕೆಳಗೂ ದುಂಡನೆಯ ಅಕ್ಷರದ ಚೀಟಿ. ಒಡವೆ ಅಂಗಡಿಗೆ ಬಂದ ಹಾಗಿತ್ತು. ಮನೆಯ ಯಜಮಾನರು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಶೀಳನೆರೆ ಕಡೆಯ ಜಮೀನುದಾರರ ಮನೆತನ, ಪೇಟೆಯಲ್ಲಿ ಸ್ವಂತ ಮನೆ. ಊರೂರು ತಿರುಗಿ, ಚೈನು ಹಿಡಿಸಿ, ಜನರ ಹೊಲ ಗದ್ದೆ ಅಳೆದವರು. ಆದರೆ ಜೀವಮಾನದಲ್ಲಿ ಒಂದು ನಟ್ಟು ಬಿಚ್ಚಿದವರಲ್ಲ. ಲೋಟ ತೆಗೆದುಕೊಳ್ಳುವಾಗ ಅವರ ಅಂಗೈ ನೋಡಿದೆ. ಹೊಸ ಸೋಪಿನ ಹಾಗಿತ್ತು.

ನನ್ನದು ಪಾಂಡವಪುರ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ತಗಡಿನ ಶೆಡ್ಡು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಲೆಮನೆಯ ಇಂಜಿನ್ನಾಗಲಿ, ಪಂಪ್‌ಸೆಟ್ಟಾಗಲಿ, ಟ್ರಾಕ್ಟರಾಗಲಿ, ನಿಂತು ಕೇಳಿದರೆ ಸಾಕು, ಕಾಯಿಲೆ ಎಲ್ಲಿದೆ ಅಂತ ಹೇಳುತ್ತೇನೆ. ಜಂಬಕ್ಕೆ ಹೇಳುವ ಮಾತಲ್ಲ, ಸುತ್ತಲ ಹಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಹಳೆಯ ಉಪಕರಣ ಹುಡುಕಿ ತಂದು ಜೀವ ಕೊಡುವ ಹುಚ್ಚು ನನಗೂ ಇದೆ, ಅವರಿಗಿಂತ ಬಹಳ ಮೊದಲಿನಿಂದ. ನನ್ನವು ಶೆಡ್ಡಿನ ಹಿಂದಿನ ಗೋಡೆಯಲ್ಲಿ, ಗ್ರೀಸಿನ ಡಬ್ಬಗಳ ಮೇಲುಗಡೆ ಇವೆ. ನೋಡುವುದಕ್ಕೆಂದು ಯಾರೂ ಬರುವುದಿಲ್ಲ. ಬೇರೆ ಕೆಲಸಕ್ಕೆ ಬಂದವರು ನೋಡಿದರೂ, ಇದನ್ನೆಲ್ಲ ಇನ್ನೂ ಯಾಕೆ ಇಟ್ಟುಕೊಂಡಿದ್ದೀಯ, ತೂಕಕ್ಕೆ ಹಾಕಬಾರದೇ ಅಂತ ಕೇಳುತ್ತಾರೆ. ಸರ್ವೆಯರ ಮನೆಗೆ ಮಾತ್ರ ಮೈಸೂರಿನಿಂದ ಜನ ಬರುತ್ತಿದ್ದರು. ಮೊಬೈಲು ಹಿಡಿದು ಫೋಟೋ ತೆಗೆಯುತ್ತಿದ್ದರು. ಒಂದು ಸ್ಪ್ಯಾನರು ಮುಂದೆ ಹಿಡಿದು, ಅದರ ಬಾಯೊಳಗಿಂದ ನೋಡುತ್ತ, ನಗುತ್ತ ನಿಂತು ತೆಗೆಸಿಕೊಳ್ಳುತ್ತಿದ್ದರು.

ಇವರ ಸುದ್ದಿ ನನಗೆ ಹೇಳಿದವನು ಶ್ರೀರಂಗಪಟ್ಟಣದ ಗುಜರಿ ಅಂಗಡಿಯವನು. ವರ್ಷಗಟ್ಟಲೆಯ ಪರಿಚಯ. ಒಳ್ಳೆಯದೇನಾದರೂ ಬಂದರೆ ನನಗೆಂದೇ ತೆಗೆದಿಡುತ್ತಿದ್ದವನು, ಎರಡು ವರ್ಷದಿಂದ ಏನೂ ಇಡುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ನಕ್ಕುಬಿಟ್ಟ.

"ಅರೆ ಮೇಸ್ತ್ರಿ, ನೀವು ಬಂದ್ರೆ ತುಕ್ಕು ಎಷ್ಟಿದೆ ನೋಡ್ತೀರಿ. ಕೆ.ಆರ್.ಪೇಟೆ ಸಾಬ್ ಬಂದ್ರೆ ಕೂತ್ಕೊಂಡು ಇದ್ರ ಕಹಾನಿ ಏನು ಅಂತ ಕೇಳ್ತಾರೆ. ನಾನೂ ಒಂದು ಕಹಾನಿ ಹೇಳ್ತೀನಿ. ಇಬ್ರಿಗೂ ಖುಷಿ."

ಅವನೇ ನನ್ನ ನಂಬರು ಅವರಿಗೆ ಕೊಟ್ಟದ್ದು. ಅವರೇ ಫೋನು ಮಾಡಿ ಕರೆದರು. ಮರ್ಯಾದೆಯಿಂದ ಕರೆದರು, ಹೋದೆ.

ಕಾಫಿ ಲೋಟ ಹಿಡಿದುಕೊಂಡೇ ಗೋಡೆಯ ಉದ್ದಕ್ಕೂ ನಡೆದೆ. ತಪ್ಪು ಹುಡುಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಸಿಕ್ಕಿತು. ಅವರು ಪ್ರತಿಯೊಂದನ್ನೂ ಮೈಸೂರಿಗೆ ಕಳಿಸಿ ಬಫಿಂಗ್ ಚಕ್ರಕ್ಕೆ ಕೊಡಿಸಿ, ಮೇಲೆ ವಾರ್ನಿಷ್ ಹೊಡೆಸಿದ್ದರು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅಚ್ಚೊತ್ತಿದ್ದ ಅಕ್ಷರ, ಅಂಚು ಎಲ್ಲ ಸವೆದು ಮಾಸಿದ್ದವು. ನಾನು ಹಾಗೆ ಮಾಡುವುದಿಲ್ಲ. ನನ್ನದು ಕಾಕಂಬಿಯ ದಾರಿ. ಸಕ್ಕರೆ ಮಾಡಿದ ಮೇಲೆ ಉಳಿಯುವ ಕಪ್ಪು ಪಾಕ, ನಮ್ಮ ಕಡೆ ಅದಕ್ಕೇನು ಬರವೇ. ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು ಸೇರಿಸಿ, ಡ್ರಮ್ಮಿನಲ್ಲಿ ಉಪಕರಣ ಮುಳುಗಿಸಿ ಹತ್ತು ಹನ್ನೆರಡು ದಿನ ಬಿಡಬೇಕು. ಹುಳಿ ಹೆಂಡದ ವಾಸನೆ ಬರುತ್ತದೆ, ನೊಣ ಮುತ್ತುತ್ತವೆ, ನನ್ನ ಹೆಂಡತಿ ಬಯ್ಯುತ್ತಾಳೆ. ಆದರೆ ಅದು ತುಕ್ಕನ್ನು ಮಾತ್ರ ತಿನ್ನುತ್ತದೆ, ಕಬ್ಬಿಣವನ್ನು ಮುಟ್ಟುವುದಿಲ್ಲ. ಆಮೇಲೆ ತೊಳೆದು, ತೆಂಗಿನ ನಾರಿನಿಂದ ಉಜ್ಜಿ, ಬಿಸಿಲಿಗೆ ಕಾಯಿಸಿ, ಹರಳೆಣ್ಣೆ ಸವರಿದರೆ ಎಮ್ಮೆ ಚರ್ಮದಂಥ ಕಪ್ಪು ಬರುತ್ತದೆ. ಯಾರೋ ಎಂದೋ ಎಳೆದ ಗೀರು ಕೂಡ ಹಾಗೇ ಉಳಿದಿರುತ್ತದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಹಳೆಯ ಇಂಗ್ಲಿಷ್ ಅಳತೆಯ ಸ್ಪ್ಯಾನರಿನ ಮೇಲೆ ಅರ್ಧ ಇಂಚು ಅಂತ ಇದ್ದರೆ, ಅದು ಬೋಲ್ಟಿನ ದಪ್ಪ. ಸ್ಪ್ಯಾನರಿನ ಬಾಯಿ ಒಂದು ಇಂಚಿಗೆ ಚೂರು ಕಮ್ಮಿ ಇರುತ್ತದೆ. ಆಮೇಲೆ ಬಂದ ಹೊಸ ತರದ್ದರ ಮೇಲೆ ಅರ್ಧ ಇಂಚು ಅಂತಿದ್ದರೆ ಬಾಯಿಯೇ ಅರ್ಧ ಇಂಚು. ಎರಡೂ ಬೇರೆ ಬೇರೆ ಜಾತಿ. ಸರ್ವೆಯರು ನಂಬರು ಮಾತ್ರ ನೋಡಿ ಎರಡನ್ನೂ ಒಂದೇ ಸಾಲಿಗೆ ಏರಿಸಿದ್ದರು. ಸಣ್ಣದರ ಪಕ್ಕ ದೊಡ್ಡದು, ದೊಡ್ಡದರ ಪಕ್ಕ ಸಣ್ಣದು, ಸಾಲು ಏರಿಳಿದು ಕೂತಿತ್ತು. ಹೊಲ ಅಳೆಯುವವರಿಗೆ ಒಂದು ಸ್ಪ್ಯಾನರು ಅಳೆಯಲು ಬರಲಿಲ್ಲವಲ್ಲ ಅಂತ ನನಗೆ ಒಳಗೊಳಗೇ ಸಂತೋಷವಾಯಿತು. ಹೇಳಲಿಲ್ಲ. ಗೊತ್ತಿದ್ದೂ ಹೇಳದೆ ಇರುವುದರಲ್ಲಿ ಒಂದು ರುಚಿ ಇದೆ.

ಆ ಏರಿಳಿದ ಸಾಲಿನಲ್ಲಿಯೇ ಒಂದು ರಿಂಗ್ ಸ್ಪ್ಯಾನರು ನನ್ನ ಕೈಗೆ ಸಿಕ್ಕಿತು. ಹಳೆಯ ಅಳತೆಯ ಅರ್ಧ ಇಂಚಿನದು. ಸುಮ್ಮನೆ ಹಿಡಿದು ನೋಡುವಾಗ ಹೆಬ್ಬೆರಳಿಗೆ ಏನೋ ತಾಗಿತು. ಕಣ್ಣಿಗೆ ಕಾಣುವ ಹಾಗಿರಲಿಲ್ಲ, ಬಫಿಂಗ್ ಚಕ್ರ ತಿಂದುಹಾಕಿತ್ತು. ಆದರೆ ಬೆರಳಿಗೆ ಗೊತ್ತಾಯಿತು. ಕಾಂಡದ ಅಂಚಿನಲ್ಲಿ, ಕಬ್ಬಿಣ ಉಜ್ಜುವ ಅರದಿಂದ ಹಾಕಿದ ಮೂರು ಗೀರು.

ಅದು ನನ್ನ ಉಸ್ತಾದರದು.

ಶಾಲೆ ಬಿಟ್ಟವನು ನಾನು ಸೇರಿದ್ದು ಶ್ರೀರಂಗಪಟ್ಟಣದ ಒಂದು ವರ್ಕ್‌ಶಾಪಿಗೆ. ದೊಡ್ಡ ರಸ್ತೆಯ ಪಕ್ಕದಲ್ಲಿತ್ತು. ಅದರ ಯಜಮಾನರನ್ನು ನಾವೆಲ್ಲ ಉಸ್ತಾದ್ ಅಂತಲೇ ಕರೆಯುತ್ತಿದ್ದೆವು. ಮಾತು ಕಮ್ಮಿ. ಕೆಲಸ ತೋರಿಸುವರು, ಎರಡನೆಯ ಸಲ ತೋರಿಸುವುದಿಲ್ಲ. ಅವರ ಹತ್ತಿರ ಹಳೇ ಅಳತೆಯ ರಿಂಗ್ ಸ್ಪ್ಯಾನರುಗಳ ಒಂದು ಸೆಟ್ಟಿತ್ತು, ಏಳು, ಏಳಕ್ಕೂ ಗುರುತಿಗೆ ಮೂರು ಗೀರು. ಎರಡು ತುದಿಗೂ ಒಂದೊಂದು ಬಾಯಿ, ಚಿಕ್ಕ ಬಾಯಿಯ ಅಳತೆಯಿಂದ ಹೆಸರು ಹಿಡಿದು ಕೇಳುವುದು. ಹಲಗೆಗೆ ಏಳು ಮೊಳೆ, ಅಳತೆ ಪ್ರಕಾರ. ಅರ್ಧ ಇಂಚಿನದು ನಾಲ್ಕನೆಯ ಮೊಳೆಗೆ, ನಟ್ಟನಡುವೆ.

ಆ ಹಲಗೆಗೆ ಒಂದು ಪದ್ಧತಿ ಇತ್ತು. ಕೆಲಸಕ್ಕಿದ್ದ ಪ್ರತಿಯೊಬ್ಬನಿಗೂ ಉಸ್ತಾದರು ಆಯಿಲ್ ಡಬ್ಬದ ತಗಡಿನಲ್ಲಿ ಕತ್ತರಿಸಿದ ಒಂದು ದುಂಡು ಬಿಲ್ಲೆ ಕೊಟ್ಟಿದ್ದರು. ಗುರುತಿಗೆ ಪಂಚಿನಿಂದ ಹೊಡೆದ ಚುಕ್ಕಿ. ನನ್ನದು ಎರಡು ಚುಕ್ಕಿ. ಯಾವ ಸ್ಪ್ಯಾನರು ತೆಗೆದರೂ ಆ ಮೊಳೆಗೆ ನಿನ್ನ ಬಿಲ್ಲೆ ತಗುಲಿಹಾಕಿ ತೆಗೆಯಬೇಕು. ವಾಪಸ್ಸು ಇಟ್ಟಾಗ ಬಿಲ್ಲೆ ತೆಗೆದುಕೊಳ್ಳಬೇಕು. ಬಾಯಲ್ಲಿ ಕೇಳುವುದು, ಹೇಳುವುದು ಇಲ್ಲ. ಖಾಲಿ ಮೊಳೆ ಕಂಡರೆ ಅದು ಕಳ್ಳತನ, ಬಿಲ್ಲೆ ಇರುವ ಮೊಳೆ ಕಂಡರೆ ಅದು ಕೆಲಸ, ಅಷ್ಟೇ. ಆಯುಧಪೂಜೆಯ ಹಿಂದಿನ ಸಂಜೆ ಹಲಗೆಯ ಮೇಲೆ ಒಂದು ಬಿಲ್ಲೆಯೂ ಉಳಿಯುವ ಹಾಗಿರಲಿಲ್ಲ. ಪೂಜೆ ಮಾಡುತ್ತಿದ್ದವರು ನಾವು ಹುಡುಗರು. ಉಸ್ತಾದರು ಅರಿಶಿನ ಕುಂಕುಮ ಮುಟ್ಟುತ್ತಿರಲಿಲ್ಲ, ಆದರೆ ಹಲಗೆಯ ಮುಂದೆ ನಿಂತು ಎಲ್ಲ ಮೊಳೆಗಳನ್ನೂ ತಾವೇ ನೋಡಿ, ಎಲ್ಲ ಮನೆಗೆ ಬಂದವೇ ಅಂತ ಕೇಳಿ, ಆಮೇಲೆಯೇ ಮನೆಗೆ ಹೋಗುತ್ತಿದ್ದರು.

ಅವರು ತೀರಿಹೋದರು. ರಸ್ತೆ ಅಗಲ ಮಾಡುವಾಗ ವರ್ಕ್‌ಶಾಪೂ ಹೋಯಿತು. ಅವರ ಮನೆಯವರು ಇದ್ದ ಸಾಮಾನೆಲ್ಲ ಒಂದೇ ದಿನ ಗುಜರಿಗೆ ತೂಗಿಬಿಟ್ಟರು. ನಾನು ಆಗ ಮಾಕವಳ್ಳಿ ಹತ್ತಿರದ ಒಂದು ಆಲೆಮನೆಯಲ್ಲಿ ಇಂಜಿನ್ನು ಬಿಚ್ಚಿ ಹರಡಿಕೊಂಡು ಕೂತಿದ್ದೆ. ಸುದ್ದಿ ತಿಳಿದು ಬರುವ ಹೊತ್ತಿಗೆ ಗುಡಿಸಿದ ನೆಲ ಮಾತ್ರ ಇತ್ತು. ಅಂದಿನಿಂದ ಶುರುವಾದದ್ದು ನನ್ನ ಹುಡುಕಾಟ. ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್.ಪೇಟೆ, ಎಲ್ಲೆಲ್ಲಿ ಗುಜರಿ ಅಂಗಡಿ ಇತ್ತೋ ಅಲ್ಲೆಲ್ಲ ಕಬ್ಬಿಣದ ಗುಡ್ಡೆ ಕೆದಕಿದೆ. ಮೂರು ಗೀರು ಹುಡುಕಿದೆ. ಒಂದು ನಾಗಮಂಗಲದಲ್ಲಿ ತೂಕದ ಕಲ್ಲಿನ ಬದಲು ತಕ್ಕಡಿಯಲ್ಲಿ ಕೂತಿತ್ತು. ಇನ್ನೊಂದರಲ್ಲಿ ಯಾರೋ ಎಮ್ಮೆ ಕಟ್ಟುವ ಗೂಟ ಹೊಡೆಯುತ್ತಿದ್ದರು. ಹೀಗೆ ಆರು ಸಿಕ್ಕಿದವು. ಏಳು ಮೊಳೆಯ ಹಲಗೆ ಮಾಡಿ ಆರನ್ನು ಹಾಕಿದೆ. ನಾಲ್ಕನೆಯದು ಖಾಲಿ. ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ದಿನಾ ನನ್ನನ್ನು ನೋಡುತ್ತಿತ್ತು.

ಅದು ಇಲ್ಲಿ, ವಾರ್ನಿಷ್ ಬಳಿದುಕೊಂಡು, ದೀಪದ ಕೆಳಗೆ ಕೂತಿತ್ತು. ಚೀಟಿಯಲ್ಲಿ "ರಿಂಗ್ ಸ್ಪ್ಯಾನರು, ಅರ್ಧ ಇಂಚು (ಅಳತೆ ತಪ್ಪಾಗಿ ಅಚ್ಚಾಗಿರಬಹುದು)" ಅಂತ ಬರೆದಿತ್ತು.

ಇದು ನನ್ನ ಉಸ್ತಾದರದು, ಕೊಡಿ ಅಂತ ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿದ್ದರೋ ಏನೋ. ಆದರೆ ಆ ತೇಗದ ಹಲಗೆಯ ಮುಂದೆ, ಆ ಮೆತ್ತನೆಯ ಕೈಯಿಂದ, ದಾನದ ಹಾಗೆ ತೆಗೆದುಕೊಳ್ಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ನಾನು ಗುಡ್ಡೆ ಕೆದಕಿ ಕೈ ಕುಯ್ಯಿಸಿಕೊಂಡದ್ದು ವರ್ಷಗಟ್ಟಲೆ. ಇವರಿಗೆ ಕೂತಲ್ಲಿಗೆ ಬಂದುಬಿಟ್ಟಿತ್ತು. ಹೊಟ್ಟೆಯಲ್ಲಿ ಬೆಂಕಿ ಬಿದ್ದವನಿಗೆ ಬುದ್ಧಿ ಬೇಗ ಬೇಗ ಓಡುತ್ತದೆ.

"ಸಾ, ಇದೊಂದು ಸಾಲ್ನಾಗೆ ಕೂರ್ತಾ ಇಲ್ಲ ಅಲ್ವಾ," ಅಂದೆ. "ನನ್ನತ್ರ ಸರಿಯಾದ್ದು ಅರ್ಧ ಇಂಚಿಂದು ಐತೆ. ಕ್ರೋಮು. ಪಳಪಳ ಅಂತದೆ. ಬೇಕಾದ್ರೆ ತಂದ್ಕೊಡ್ತೀನಿ, ಇದ್ನ ನಾನ್ ತಗೊಂಡೋಗ್ತೀನಿ. ನನ್ ಕೆಲ್ಸಕ್ಕಾದ್ರೂ ಆಯ್ತದೆ."

ಅವರಿಗೆ ಎಷ್ಟು ಸಂತೋಷವಾಯಿತೆಂದರೆ ನನ್ನ ಎರಡೂ ಕೈ ಹಿಡಿದುಕೊಂಡರು. ಆ ಸ್ಪ್ಯಾನರಿನಿಂದ ಅವರಿಗೂ ಕಸಿವಿಸಿ ಇತ್ತಂತೆ. ಮುಂದಿನ ಭಾನುವಾರವೇ ಹೊಸ ತರದ, ಕ್ರೋಮು ಹಾಕಿದ ಅರ್ಧ ಇಂಚಿನದನ್ನು ಕೊಟ್ಟು, ಉಸ್ತಾದರದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಬೈಕಿನಲ್ಲಿ ಹಾಡು ಗುನುಗಿದೆ. ವಾರ್ನಿಷ್ ಕೆರೆದು ತೆಗೆದು, ಹರಳೆಣ್ಣೆ ಸವರಿ, ನಾಲ್ಕನೆಯ ಮೊಳೆಗೆ ಹಾಕಿದೆ. ಏಳಕ್ಕೆ ಏಳು. ಸ್ಟೂಲು ಎಳೆದುಕೊಂಡು ಹಲಗೆಯ ಮುಂದೆ ಕೂತೆ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಸೀರೆಗೆ ಗ್ರೀಸು ಹತ್ತದ ಹಾಗೆ ದೂರದಿಂದ ನೋಡಿ, ಸರಿ ಈಗ ಆ ನಾತದ ಡ್ರಮ್ಮು ಎತ್ತಿಸು ಅಂದಳು. ಬೇರೆ ಯಾರಿಗೆ ತೋರಿಸುವುದು? ನನ್ನ ಸಂತೋಷ ಮೂರು ದಿನ ಇತ್ತು ಅಂತ ಕಾಣುತ್ತದೆ.

ನಾಗಮಂಗಲದಲ್ಲಿ ನನ್ನ ಜೊತೆಗಾರನೊಬ್ಬ ಇದ್ದಾನೆ. ಉಸ್ತಾದರ ಕೈಕೆಳಗೆ ನಾನು ಅವನು ಒಟ್ಟಿಗೆ ಕಲಿತವರು. ಈಗ ಬಸ್‌ಸ್ಟ್ಯಾಂಡ್ ಕಡೆ ಅವನದೇ ಗ್ಯಾರೇಜು. ಒಂದು ಸಂಜೆ ಅವನ ಫೋನು ಬಂತು. ಹೇಗಿದ್ದೀಯ ಅಂತಲೂ ಕೇಳಲಿಲ್ಲ.

"ಏನ್ಲಾ, ನೆನ್ನೆ ಕೆ.ಆರ್.ಪೇಟೆ ಸರ್ವೆಯರ್ ಮನೆಗೋಗಿದ್ದೆ. ನಮ್ ಸಂಬಂಧಿಕರ್ ಪೈಕಿ ಒಬ್ರು ಎಳ್ಕೊಂಡೋದ್ರು. ಅದ್ಯಾಕ್ಲಾ ಅಂಗ್ ಜೋಡ್ಸಿದ್ದೀಯ?"

"ನಾನಾ? ನಾನ್ ಯಾಕ್ಲಾ ಜೋಡುಸ್ಲಿ?"

"ಅಯ್, ಬೋರ್ಡ್ ಹಾಕವ್ರೆ ಕಣ್ಲಾ. ಪಾಂಡವಪುರದ ಮೇಸ್ತ್ರಿಗಳ ಸಲಹೆಯಂತೆ ಜೋಡಿಸಿದೆ ಅಂತ. ಬಂದೋರ್ಗೆಲ್ಲ ನಿನ್ನೇ ಹೇಳ್ತಾವ್ರೆ. ನಾನು ನಗು ತಡ್ಕೊಳಕಾಗ್ದೆ ಆಚಿಕ್ ಬಂದ್ಬುಟ್ಟೆ. ಹಳೇದ್ಯಾವ್ದು ಹೊಸಾದ್ಯಾವ್ದು ಅನ್ನದೇ ಮರ್ತೋಯ್ತೇನ್ಲಾ ನಿಂಗೆ? ಉಸ್ತಾದ್ರು ಇದ್ದಿದ್ರೆ ನಿನ್ ಬಿಲ್ಲೆ ಕಿತ್ಕಳೋರು."

ಫೋನಿಟ್ಟ ಮೇಲೂ ಅವನ ನಗು ಕಿವಿಯಲ್ಲೇ ಇತ್ತು. ಕ್ರೋಮಿನ ಸ್ಪ್ಯಾನರು ಕೊಟ್ಟದ್ದಕ್ಕೆ ಕೃತಜ್ಞತೆಯಿಂದ ಸರ್ವೆಯರು ನನ್ನ ಹೆಸರಿಗೆ ಬೋರ್ಡು ಬರೆಸಿದ್ದರು. ನಾನು ಬೇಕೆಂದೇ ಬಿಟ್ಟ ತಪ್ಪು ಈಗ ನನ್ನ ತಪ್ಪಾಗಿತ್ತು. ಮೂರು ತಾಲ್ಲೂಕಿನ ಮೆಕ್ಯಾನಿಕ್ಕುಗಳು ಅದನ್ನು ನೋಡುತ್ತಾರೆ, ಓದು ಬರಹ ಇಲ್ಲದವನಿಗೆ ಇಷ್ಟೂ ಗೊತ್ತಾಗಲಿಲ್ಲ ಅನ್ನುತ್ತಾರೆ. ಮಾರನೆಯ ದಿನ ಎರಡು ಪಂಪು ಬಿಚ್ಚುವುದಿತ್ತು. ಹಾಗೇ ಬಿಟ್ಟು ಬೈಕು ಹತ್ತಿದೆ.

ಸರ್ವೆಯರು ಬಾಗಿಲಲ್ಲೇ ನಗುನಗುತ್ತ ಎದುರಾದರು. ನಾನು ನೇರ ಗೋಡೆಗೆ ಹೋದೆ. ಸಾ, ಈ ಸಾಲು ತಪ್ಪಾಗಿದೆ, ಬಿಚ್ಚಿ ಮತ್ತೆ ಹಾಕಬೇಕು ಅಂದೆ. ಹಳೆಯ ಅಳತೆ, ಹೊಸ ಅಳತೆಯ ಭೇದ ಹೇಳಿದೆ. ಒಂದು ಬೋಲ್ಟು ತರಿಸಿ, ಎರಡೂ ಜಾತಿಯ ಸ್ಪ್ಯಾನರು ಕೂರಿಸಿ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಕೇಳಿಸಿಕೊಂಡರು. ಎಲ್ಲೂ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ನನಗೆ ಆರು ತಿಂಗಳು ಹಿಡಿದಿತ್ತು ಅದು ಕೈಗೆ ಹತ್ತಲು. ಇವರು ಅರ್ಧ ಗಂಟೆಯಲ್ಲಿ ತಲೆ ಆಡಿಸಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡುಬಿಟ್ಟರು. ನನ್ನ ಹತ್ತಿರ ಇದ್ದು ಅವರ ಹತ್ತಿರ ಇಲ್ಲದ್ದು ಅದೊಂದೇ ಆಗಿತ್ತು. ಅದನ್ನೂ ನಾನೇ ಕೈಯಾರೆ ಕೊಟ್ಟೆ.

ಆಮೇಲೆ ಇಬ್ಬರೂ ಸೇರಿ ಜೋಡಿಸಲು ನಿಂತೆವು. ಮೇಲಿನ ಸಾಲು ಹೊಸ ಅಳತೆಗೆ, ಕೆಳಗಿನ ಸಾಲು ಹಳೆಯ ಅಳತೆಗೆ. ಅವರು ಒಂದೊಂದೇ ಎತ್ತಿ ಕೊಟ್ಟರು, ನಾನು ಹಾಕಿದೆ. ಮೊಳೆ ಹೊಡೆದದ್ದು ನಾನೇ. ಉಸ್ತಾದರ ಹತ್ತಿರ ಕಲಿತ ಕೈ, ಅಳತೆಗೊಂದು ಮೊಳೆ ಹೊಡೆಯುತ್ತ ಹೋಯಿತು. ತಲೆ ಆ ಕಡೆ ಇರಲಿಲ್ಲ. ಎಲ್ಲ ಮುಗಿದು ಎರಡು ಹೆಜ್ಜೆ ಹಿಂದೆ ಬಂದು ನೋಡುತ್ತೇನೆ, ಸಾಲು ಎಷ್ಟು ಅಂದವಾಗಿ ಏರಿತ್ತೆಂದರೆ ನಡುವೆ ಖಾಲಿ ಇದ್ದ ಒಂದೇ ಒಂದು ಮೊಳೆ ಕಣ್ಣಿಗೆ ಚುಚ್ಚಿತು. ಕೆಳಗಿನ ಸಾಲಿನಲ್ಲಿ, ಹಳೆಯ ಅರ್ಧ ಇಂಚಿನ ಜಾಗ. ಮೇಲಿನ ಸಾಲಿನಲ್ಲಿ ಹೊಸ ಅರ್ಧ ಇಂಚಿನವು ಎರಡು. ಒಂದು ಅವರ ಹತ್ತಿರ ಮೊದಲೇ ಇದ್ದದ್ದು, ಇನ್ನೊಂದು ನಾನು ಕೊಟ್ಟ ಕ್ರೋಮು.

ಇಷ್ಟು ದಿನ ಸಾಲು ಕೆಟ್ಟಿದ್ದರಿಂದ ನನ್ನ ಕೆಲಸ ಮುಚ್ಚಿಹೋಗಿತ್ತು. ಸಾಲು ಸರಿ ಮಾಡಿದವನು ನಾನೇ.

ಸರ್ವೆಯರು ಗೋಡೆಯ ಹತ್ತಿರ ಬಂದರು. ಮೇಲೆ ನೋಡಿದರು, ಕೆಳಗೆ ನೋಡಿದರು. ನೋಟ್‌ಬುಕ್ಕು ತೆರೆದು ನೋಡಿ ಮುಚ್ಚಿದರು. ಊರೂರಿನ ಗಡಿ ಜಗಳ ನೋಡಿದ ಮನುಷ್ಯ. ಕೊನೆಗೆ ಗೋಡೆ ನೋಡಿಕೊಂಡೇ ಅಂದರು:

"ಮೇಸ್ತ್ರಿ, ಇಲ್ಲೇನೋ ಒತ್ತುವರಿ ಆಗಿರೋ ಹಂಗದೆ."

ಹೊರಟುಬಿಡೋಣ ಅನ್ನಿಸಿತು. ಬೈಕಿನ ಕೀಲಿ ತೆಗೆಯಲು ಜೇಬಿಗೆ ಕೈ ಹಾಕಿದೆ. ಕೀಲಿಯ ಜೊತೆ ಬಿಲ್ಲೆ ಬಂತು. ಉಸ್ತಾದರು ಕೊಟ್ಟ ಎರಡು ಚುಕ್ಕಿಯ ಬಿಲ್ಲೆ, ಅಂದಿನಿಂದಲೂ ನನ್ನ ಕೀಲಿ ಗೊಂಚಲಿನಲ್ಲೇ ಇದೆ. ಅಂಚು ಸವೆದು ಕಾಸಿನ ಹಾಗಾಗಿದೆ. ಅದನ್ನು ಬಿಚ್ಚಿ ಖಾಲಿ ಮೊಳೆಗೆ ಹಾಕಿದೆ.

"ಅದು ನನ್ನತ್ರ ಐತೆ ಸಾ. ನಮ್ ಉಸ್ತಾದ್ರದು. ಗೊತ್ತಿದ್ದೇ ತಗೊಂಡೋದೆ. ಈ ಬಿಲ್ಲೆ ಇಲ್ಲಿರೋಗಂಟ ಅದು ನನ್ ಮ್ಯಾಲೆ."

ಮೂರು ಗೀರಿನ ಸೆಟ್ಟಿನ ವಿಷಯ, ಬಿಲ್ಲೆಯ ಪದ್ಧತಿ, ಎಲ್ಲ ಹೇಳಿದೆ. ಅವರು ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಬಯ್ಯಲಿಲ್ಲ. ಒಂದು ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಕಾಫಿ ಕೊಟ್ಟು ಕಳಿಸಿದರು.

ದಾರಿಯಲ್ಲಿ ಲೆಕ್ಕ ಹಾಕಿಕೊಂಡೆ. ತಪ್ಪು ಒಪ್ಪಿದ್ದಾಯಿತು, ಸ್ಪ್ಯಾನರೂ ನನ್ನ ಹತ್ತಿರವೇ ಉಳಿಯಿತು. ಪದ್ಧತಿ ಪ್ರಕಾರವೇ ಆಯಿತಲ್ಲ. ಒಂದು ತಗಡಿನ ಚೂರು ಹೋದರೆ ಹೋಗಲಿ. ಹೀಗೆ ಸಮಾಧಾನ ಮಾಡಿಕೊಂಡು ಒಂದು ವಾರ ನೆಮ್ಮದಿಯಾಗಿದ್ದೆ.

ಆಮೇಲೆ ನನ್ನ ಮೊಬೈಲಿನಲ್ಲಿ ಅವರ ಸ್ಟೇಟಸ್ ನೋಡಿದೆ. ನನ್ನ ಬಿಲ್ಲೆ. ದೀಪದ ಬೆಳಕಿನಲ್ಲಿ ನನ್ನ ಎರಡು ಚುಕ್ಕಿ. ಕೆಳಗೆ ಪದ್ಧತಿಯ ಕಥೆಯನ್ನು ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ, ನಾನೇ ಮೊದಲ ಸಲ ಕೇಳಿದ ಹಾಗಾಯಿತು. ಖಾಲಿ ಮೊಳೆ ಕಳ್ಳತನ, ಬಿಲ್ಲೆಯ ಮೊಳೆ ಕೆಲಸ, ಅದನ್ನೂ ಬರೆದಿದ್ದರು. ನನ್ನ ಮೋಸದ ವಿಷಯ ಒಂದು ಅಕ್ಷರ ಇರಲಿಲ್ಲ. ಅದು ಇನ್ನೂ ಚುಚ್ಚಿತು. ನಾಗಮಂಗಲದವನು ತಡೆಯಲಾರದೆ ಫೋನು ಮಾಡಿದ. ತನ್ನ ಬಿಲ್ಲೆಯನ್ನು ಅವನು ಎಂದೋ ಕಳೆದುಕೊಂಡಿದ್ದ.

"ನಿನ್ ಬಿಲ್ಲೆ ನೋಡ್ದೆ ಕಣ್ಲಾ," ಅಂದ. ದನಿ ತಗ್ಗಿಸಿ, "ಉಸ್ತಾದ್ರು ಎದುರ್ಗೆ ಬಂದಂಗಾಯ್ತು. ಏಟ್ ಚೆಂದ ಇಟ್ಟವ್ರೆ ಅವ್ರು," ಅಂದ.

ಅವನು ನನ್ನ ಹಲಗೆಯ ಮುಂದೆ ಎಷ್ಟೋ ಸಲ ನಿಂತಿದ್ದಾನೆ. ಉಸ್ತಾದರ ಆರೂ ಸ್ಪ್ಯಾನರು ನೋಡಿದ್ದಾನೆ. ಒಂದು ದಿನವಾದರೂ ಅವನ ದನಿ ಹಾಗೆ ಆಗಿರಲಿಲ್ಲ. ಸ್ಪ್ಯಾನರು ಏಳೂ ನನ್ನಲ್ಲಿ, ಉಸ್ತಾದರು ಮಾತ್ರ ಅಲ್ಲಿ ಹೋಗಿ ಕೂತುಬಿಟ್ಟಿದ್ದರು. ಮೊದಲು ಅವರ ಗೋಡೆಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಈಗ ಅಲ್ಲಿ ನೇತಾಡುವ ನನ್ನದೇ ಬಿಲ್ಲೆಯ ಮೇಲೆ ಪಡುತ್ತಿದ್ದೆ. ಇಂಥ ಹುಚ್ಚು ಬೇರೆ ಯಾರಿಗಾದರೂ ಇದೆಯೋ ಗೊತ್ತಿಲ್ಲ. ಕೀಲಿ ತೆಗೆದಾಗಲೆಲ್ಲ ಬೆರಳು ಅದನ್ನು ಹುಡುಕುತ್ತಿತ್ತು.

ಒಳ್ಳೆಯವನೆಂದು ಹೇಳಿಸಿಕೊಳ್ಳಲು ಹೇಳಬಹುದು, ಮನಸ್ಸು ಚುಚ್ಚಿ ಹಿಂದಿರುಗಿಸಿದೆ ಅಂತ. ಹಾಗೇನಿಲ್ಲ. ಬಿಲ್ಲೆ ವಾಪಸ್ಸು ಬೇಕಾಗಿತ್ತು, ಅದಕ್ಕೆ ಹೋದೆ.

ಸ್ಪ್ಯಾನರನ್ನು ಅವರ ಮೊಳೆಗೆ ಹಾಕಿ, ಬಿಲ್ಲೆ ತೆಗೆದು ಜೇಬಿಗೆ ಇಟ್ಟುಕೊಂಡೆ. ಸರ್ವೆಯರು ಸ್ಪ್ಯಾನರನ್ನು ಮತ್ತೆ ತೆಗೆದು ನನ್ನ ಮುಂದೆ ಹಿಡಿದರು. ಇದು ನಿಮ್ಮ ಉಸ್ತಾದರ ಸೆಟ್ಟಿನದು, ಅಲ್ಲೇ ಇರಲಿ, ತೆಗೆದುಕೊಂಡು ಹೋಗಿ ಅಂದರು. ಹೆದರುತ್ತಿದ್ದದ್ದು ಅದಕ್ಕೇ. ಬೇಡ ಸಾ, ನೀವು ಗುಜರಿಯಲ್ಲಿ ಸರಿಯಾಗಿ ಕೊಂಡಿದ್ದೀರಿ, ನಿಮ್ಮದು, ಅಂದೆ. ಅವರು ಕೊಡುವುದು, ನಾನು ತಳ್ಳುವುದು. ಅವರ ಮನೆಯವರು ಅಡುಗೆಮನೆಯಿಂದ ಬಂದು ನೋಡಿ, ಇದೇನು ಬೀಗರ ಉಪಚಾರ ಅಂತ ಕೇಳಿ ಒಳಗೆ ಹೋದರು.

ಕಡೆಗೆ ಸರ್ವೆಯರು ಎದ್ದು ಹಿತ್ತಿಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಟಣ್ ಟಣ್ ಅಂತ ಸದ್ದು. ಬಂದಾಗ ಎಡಗೈ ಹೆಬ್ಬೆರಳಿಗೆ ಕರವಸ್ತ್ರ ಸುತ್ತಿತ್ತು, ಕರವಸ್ತ್ರದಲ್ಲಿ ರಕ್ತ. ಬಲಗೈಯಲ್ಲಿ ಎಣ್ಣೆ ಡಬ್ಬದ ತಗಡಿನಲ್ಲಿ ಕತ್ತರಿಸಿದ ಒಂದು ಬಿಲ್ಲೆ. ದುಂಡಗೂ ಇಲ್ಲ, ಚೌಕವೂ ಇಲ್ಲ, ಇಲಿ ಕಡಿದ ರೊಟ್ಟಿಯ ಹಾಗಿತ್ತು. ನಡುವೆ ಮೊಳೆಯಿಂದ ಒಂದು ಕೂಡುವ ಗುರುತು ಕೊರೆದಿದ್ದರು, ಜಮೀನಿನ ಗಡಿಯ ಬಾಂದುಕಲ್ಲಿನ ಮೇಲೆ ಸರ್ವೆಯವರು ಹಾಕುತ್ತಾರಲ್ಲ, ಅದು.

"ಇದ್ನ ನಿಮ್ ನಾಲ್ಕನೇ ಮೊಳೆಗಾಕಿ ಮೇಸ್ತ್ರಿ. ಸ್ಪ್ಯಾನರು ನಿಮ್ದೇ. ನನ್ನತ್ರ ಕೆಲ್ಸುಕ್ ಬಂದದೆ ಅಷ್ಟೆ."

ನನಗೆ ತಲೆ ಎತ್ತಲಾಗಲಿಲ್ಲ. ಅವರ ಮಾತಿಗೆ ಸೋತು ಅಲ್ಲ. ಆ ಮಾತು ನನಗೆ ಹೊಳೆಯಬೇಕಾಗಿತ್ತು. ಉಸ್ತಾದರ ಹತ್ತಿರ ಕಲಿತವನು ನಾನು, ಅವರ ಪದ್ಧತಿಯನ್ನು ಸರಿಯಾಗಿ ಬಳಸಿದವರು ಇವರು. ಒಂದು ಸಲ ಕೇಳಿದ್ದಕ್ಕೇ. ಬಿಲ್ಲೆ ಈಸಿಕೊಂಡೆ. ಆದರೆ ಸುಮ್ಮನೆ ಬರಲಿಲ್ಲ. "ಪೂಜೆ ಹಿಂದಿನ್ ಸಂಜೆ ಹಲ್ಗೆ ಮ್ಯಾಲೆ ಬಿಲ್ಲೆ ಉಳ್ಯಂಗಿಲ್ಲ ಸಾ," ಅಂದೆ. ಗೊತ್ತು, ಬರೆದುಕೊಂಡಿದ್ದೇನೆ ಅಂದರು.

ಬರೆದುಕೊಂಡವರೆಲ್ಲ ಬರುತ್ತಾರೆಯೇ ಅಂದುಕೊಂಡಿದ್ದೆ. ಆಯುಧಪೂಜೆಯ ಹಿಂದಿನ ದಿನ ಶೆಡ್ಡು ತೊಳೆಸಿ, ಉಪಕರಣಗಳನ್ನೆಲ್ಲ ಡೀಸೆಲಿನಲ್ಲಿ ಅದ್ದಿ ಒರೆಸುತ್ತ, ರಸ್ತೆಯ ಕಡೆ ಕಣ್ಣು ಹಾಕುತ್ತ ಇದ್ದೆ. ಬರದೆ ಇರಲಿ ಅಂತಲೂ ಅನ್ನಿಸುತ್ತಿತ್ತು. ಬರದಿದ್ದರೆ ಜೀವನ ಪೂರ್ತಿ ಹೇಳಿಕೊಂಡು ತಿರುಗಬಹುದು. ಬಿಸಿಲು ಇಳಿಯುವ ಮುಂಚೆ ಬಸ್ಸಿಳಿದು, ಬಗಲಿಗೆ ಬಟ್ಟೆಚೀಲ ಹಾಕಿಕೊಂಡು ನಡೆದು ಬಂದರು. ಟವೆಲ್ಲು ಬಿಚ್ಚಿದರು. ಸ್ಪ್ಯಾನರಿಗೆ ಮತ್ತೆ ವಾರ್ನಿಷ್ ಹೊಡೆಸಿರಲಿಲ್ಲ. ಹರಳೆಣ್ಣೆಯ ವಾಸನೆ ಬಂತು.

ತಮ್ಮ ಬಿಲ್ಲೆ ತಾವೇ ತೆಗೆದು, ಸ್ಪ್ಯಾನರನ್ನು ನಾಲ್ಕನೆಯ ಮೊಳೆಗೆ ಹಾಕಿದರು. ಏಳು. ನಾನು ಹಲಗೆಯ ಮುಂದೆ ನಿಂತು ಒಂದೊಂದೇ ಮೊಳೆ ನೋಡಿದೆ. ಎಲ್ಲ ಮನೆಗೆ ಬಂದವೇ ಅಂತ ಕೇಳುವವರಿಲ್ಲ. ಸರ್ವೆಯರು ಪಕ್ಕದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. ಫೋಟೋ ತೆಗೆಯಲಿಲ್ಲ.

ಪೂಜೆಯ ದಿನ ಆಯುಧ ಎತ್ತುವ ಹಾಗಿಲ್ಲ, ಹಾಗಾಗಿ ಅದರ ಮಾರನೆಯ ಬೆಳಿಗ್ಗೆ ಮತ್ತೆ ಬಂದು ತಮ್ಮ ಬಿಲ್ಲೆಯನ್ನು ಮೊಳೆಗೆ ಹಾಕಿದರು. ಅಷ್ಟು ಹೊತ್ತಿಗೆ ಕುಂಕುಮ ಒರೆಸಿ ಇಟ್ಟಿದ್ದೆ, ಒದ್ದೆ ಕುಂಕುಮ ಬಿಟ್ಟರೆ ಕಬ್ಬಿಣ ಕಚ್ಚುತ್ತದೆ. ಕೊಡುವಾಗ ನನ್ನ ಕೈ ಅದನ್ನು ಒಂದು ಗಳಿಗೆ ಬಿಡಲಿಲ್ಲ. ಅವರೂ ಎಳೆಯಲಿಲ್ಲ, ಕಾದರು. ಬಿಟ್ಟೆ. ಚೀಲ ಹೆಗಲಿಗೇರಿಸಿ ಸ್ಟೇಷನ್ ರಸ್ತೆಯಲ್ಲಿ ಅವರು ತಿರುಗುವವರೆಗೂ ಆ ಚೀಲವನ್ನೇ ನೋಡುತ್ತ ನಿಂತಿದ್ದೆ. ಹೊಟ್ಟೆ ಉರಿಯಿತು. ಉರಿಯಲಿಲ್ಲ ಅಂದರೆ ಯಾರು ನಂಬುತ್ತಾರೆ.

ಈಗಲೂ ನಾಲ್ಕನೆಯ ಮೊಳೆಯಲ್ಲಿ ಆ ಸೊಟ್ಟ ಬಿಲ್ಲೆ ಇದೆ. ಬಂದವರು ಕೇಳುತ್ತಾರೆ, ಇದೇನು ಮೇಸ್ತ್ರಿ ಅಂತ. ಮೊದಲು ಯಾರೂ ಏನೂ ಕೇಳುತ್ತಿರಲಿಲ್ಲ. ಕೆ.ಆರ್.ಪೇಟೆಯವರದು, ಸ್ಪ್ಯಾನರು ಅವರ ಹತ್ತಿರ ಕೆಲಸಕ್ಕೆ ಹೋಗಿದೆ, ಹಬ್ಬಕ್ಕೆ ಬರುತ್ತದೆ ಅನ್ನುತ್ತೇನೆ. ಅದರ ಅಂಚಿಗೆ ಅವರು ಅರ ಹಾಕಿಲ್ಲ, ಹಾಕಬೇಕೆಂದು ಅವರಿಗೆ ಗೊತ್ತೂ ಇಲ್ಲ. ಧೂಳು ಒರೆಸುವಾಗ ಎರಡು ಸಲ ನನ್ನ ಬೆರಳು ಕುಯ್ದಿದೆ. ಅರ ಅಲ್ಲೇ ಕೈಗೆಟುಕುವ ಹಾಗೆ ಇದೆ, ನಾಲ್ಕು ಸಲ ಎಳೆದರೆ ನುಣ್ಣಗಾಗುತ್ತದೆ. ಎಳೆದಿಲ್ಲ. ಎಳೆಯುವುದಿಲ್ಲ. ಅದೊಂದು ಕೆಲಸವಾದರೂ ಅವರಿಗೆ ಬಾರದೆ ಇರಲಿ.